ತಂದೆಯ ಉದ್ಯೋಗ

ಆಗಸ್ಟ್ ೩

ಪ್ರೀತಿಯ ಅಪ್ಪನಿಗೆ,

ಫೋನಿನಲ್ಲಿ ನಿನಗೆ ಅರ್ಧ ಕೇಳುವುದಿಲ್ಲ, ಉಳಿದರ್ಧಕ್ಕೆ ಸುಮ್ಮನೆ ‘ಹೂಂ, ಹೂಂ’ ಅನ್ನುತ್ತೀಯ. ಮೂವತ್ತು ವರ್ಷ ಪ್ರಚಾರದ ಮೈಕಿನ ಪಕ್ಕದಲ್ಲಿ ಏಣಿ ಹಾಕಿಕೊಂಡು ಗೋಡೆ ಬರೆದವನ ಕಿವಿಯನ್ನು ಬೈದು ಪ್ರಯೋಜನವಿಲ್ಲ. ಅದಕ್ಕೇ ಈ ಕಾಗದ. ಅಮ್ಮನಿಗೂ ಓದಿ ಹೇಳು.

ಮೊದಲ ವರ್ಷದ ಫಲಿತಾಂಶ ಬಂತು. ವಿಭಾಗಕ್ಕೆ ಎರಡನೆಯವಳು ನಾನು. ಸಂತೋಷಪಡುವುದಕ್ಕೆ ಒಂದು ದಿನ ಬಿಟ್ಟರು. ಮಾರನೆಯ ದಿನವೇ ನೋಟೀಸು ಹಾಕಿದರು: ಎರಡನೇ ವರ್ಷದ ಶುಲ್ಕವನ್ನು ಅಕ್ಟೋಬರ್ ಮುಗಿಯುವುದರೊಳಗೆ ಕಟ್ಟದಿದ್ದರೆ ಸೀಟು ರದ್ದು, ಮತ್ತೆ ಮೊದಲಿಂದ ಪ್ರವೇಶ ಪರೀಕ್ಷೆ. ಹೋದ ವರ್ಷದ್ದನ್ನು ಹೇಗೆ ಹೊಂದಿಸಿದಿರಿ ಎಂದು ನಾನು ಕೇಳಲಿಲ್ಲ, ನೀವೂ ಹೇಳಲಿಲ್ಲ. ಈ ವರ್ಷ ನಿಮ್ಮನ್ನು ಕೇಳುವುದಿಲ್ಲ ಎಂದು ಆಗಲೇ ತೀರ್ಮಾನ ಮಾಡಿದ್ದೆ.

ವಿಭಾಗದ ಬಾಗಿಲ ಪಕ್ಕದ ಹಲಗೆಯಲ್ಲಿ ರಾಜಕೀಯ ನಿರ್ವಹಣೆ ಓದುವವರಿಗೆಂದು ಹದಿನೇಳು ವಿದ್ಯಾರ್ಥಿವೇತನಗಳ ಪಟ್ಟಿ ಅಂಟಿಸಿದ್ದಾರೆ. ಓದುವಾಗ ಹೊಟ್ಟೆ ತುಂಬಿದ ಹಾಗಾಗುತ್ತದೆ, ಓದಿ ಮುಗಿಸಿದ ಮೇಲೆ ಹಸಿವು. ಒಂದಕ್ಕೆ ಶಾಸನಸಭೆಯ ಕಚೇರಿಯಲ್ಲಿ ಎರಡು ವರ್ಷ ದುಡಿದ ಅನುಭವ ಬೇಕು. ಅಲ್ಲಿ ಕೆಲಸ ಸಿಕ್ಕಿದವಳು ಇಲ್ಲಿ ಬಂದು ಬೆಂಚಿನ ಮೇಲೆ ಯಾಕೆ ಕೂರುತ್ತಾಳೆ? ಇನ್ನೊಂದಕ್ಕೆ ಇಪ್ಪತ್ತನಾಲ್ಕು ದಾಟಿರಬಾರದು. ನಾನು ಹುಟ್ಟುವಾಗ ಮೂರು ತಿಂಗಳು ತಡಮಾಡಿದ್ದರೆ ಸರಿಹೋಗುತ್ತಿತ್ತು, ಅಮ್ಮನಿಗೆ ಹೇಳು. ಒಂದಕ್ಕೆ ಹಾಲಿ ಶಾಸಕರ ಶಿಫಾರಸು ಕಡ್ಡಾಯ. ಅದರ ಕೆಳಗಿನದಕ್ಕೆ ಯಾವ ಶಾಸಕರ ಪರಿಚಯವೂ ಇರಕೂಡದು.

ಹೀಗೆ ಬೆರಳಿಟ್ಟು ಬರುತ್ತಾ ಹದಿನಾಲ್ಕನೆಯದು ನನಗೆ ಹೊಂದಿತು. ಹಿಂದೆ ಸಭಾಧ್ಯಕ್ಷೆಯಾಗಿದ್ದವರೊಬ್ಬರ ನೆನಪಿನಲ್ಲಿ ಒಂದು ಟ್ರಸ್ಟು ಕೊಡುವ ಫೆಲೋಶಿಪ್. ಪೂರ್ತಿ ಶುಲ್ಕ, ಮೇಲೆ ಆರು ತಿಂಗಳು ಶಾಸನಸಭೆಯ ಸಂಶೋಧನಾ ವಿಭಾಗದಲ್ಲಿ ಕೆಲಸ. ನೂರ ಹನ್ನೆರಡು ಜನ ಅರ್ಜಿ ಹಾಕಿದ್ದರು. ನಿನ್ನೆ ನಾಲ್ಕು ಹೆಸರಿನ ಪಟ್ಟಿ ಬಂದಿದೆ. ನಾಲ್ಕರಲ್ಲಿ ನಾನೊಬ್ಬಳು. ಸೆಪ್ಟೆಂಬರ್ ಇಪ್ಪತ್ತಕ್ಕೆ ಸಂದರ್ಶನ.

ಅವರದ್ದು ಒಂದೇ ಕಟ್ಟುನಿಟ್ಟು. ಅರ್ಜಿದಾರರಿಗಾಗಲಿ ಮನೆಯವರಿಗಾಗಲಿ ಯಾವುದೇ ಪಕ್ಷದ ಸಂಬಂಧ ಇರಬಾರದು. ನಮ್ಮ ಮನೆಯಲ್ಲಿ ಇರುವುದು ಎರಡೇ ಪಕ್ಷ, ನೀನು ಮತ್ತು ಅಮ್ಮ. ಅದನ್ನು ಅವರು ಕೇಳುವುದಿಲ್ಲ.

ಕೈಗೆ ಬರುವವರೆಗೆ ಯಾರಿಗೂ ಹೇಳಬೇಡ ಅಪ್ಪ. ಯಾರಿಗೂ.

ನಿನ್ನ
ಗೆರೆಯಮ್ಮ


ಆಗಸ್ಟ್ ೧೧

ಗೆರೆಯಮ್ಮನಿಗೆ ಅಪ್ಪ ಮಾಡುವ ಆಶೀರ್ವಾದ.

ನಿನ್ನ ಕಾಗದ ಓದಿದೆ. ಒಂದು ಸಲ ನನಗೆ, ಒಂದು ಸಲ ಅಮ್ಮನಿಗೆ, ಮೂರನೇ ಸಲ ಯಾರೂ ಕೇಳದಿದ್ದರೂ. ಅಮ್ಮ ಹೊಲಿಗೆಯಂತ್ರ ನಿಲ್ಲಿಸದೆ ಕೇಳಿದಳು, “ರಾಜಕೀಯ ನಿರ್ವಹಣೆ ಅಂದ್ರೆ ಏನ್ರೀ?” ನಾನು, “ಕಿತ್ತಾಡೋರನ್ನೆಲ್ಲ ಒಂದು ಕಡೆ ಕೂರಿಸಿ, ಅವರವರ ಕೆಲಸ ಅವರಿಂದ್ಲೇ ಮಾಡಿಸೋದು” ಅಂದೆ. “ಅಯ್ಯೋ, ಮೂವತ್ತು ವರ್ಷದಿಂದ ಈ ಮನೇಲಿ ನಾನು ಮಾಡ್ತಿರೋದು ಅದನ್ನೇ. ನಂಗ್ಯಾರೂ ಡಿಗ್ರಿ ಕೊಡಲಿಲ್ಲವಲ್ಲ” ಅಂದಳು.

ನೀನು ಪುಟ್ಟವಳಿದ್ದಾಗ ನೀಲಿಪುಡಿ ಹಚ್ಚಿದ ದಾರದ ಒಂದು ತುದಿ ಹಿಡಿದು ಗೋಡೆಗೆ ಒತ್ತಿ ನಿಲ್ಲುತ್ತಿದ್ದೆ. ನಾನು ಇನ್ನೊಂದು ತುದಿಯಿಂದ ಮೀಟಿ ಗೆರೆ ಬೀಳಿಸಿದರೆ, ದೂರ ಹೋಗಿ ನೋಡಿ “ಸೊಟ್ಟ ಅಪ್ಪ, ಅಳಿಸು” ಅನ್ನುತ್ತಿದ್ದೆ. ದೊಡ್ಡ ದೊಡ್ಡ ಅಭ್ಯರ್ಥಿಗಳೆಲ್ಲ ಏಣಿಯ ಕೆಳಗೆ ಕಾಯುತ್ತಿದ್ದರು, ಈ ಗೆರೆಯಮ್ಮನ ಅಪ್ಪಣೆ ಆಗಲಿ ಅಂತ. ಅಂಥವಳ ಹೆಸರು ಪಟ್ಟಿಯಲ್ಲಿ ಬಂದಿದೆ ಅಂದರೆ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಆಗಲಿಲ್ಲ ಅಂತ ಬರೆಯುತ್ತಿದ್ದೇನೆ, ಆದರೆ ಅವತ್ತು ಊಟ ಸೇರಲಿಲ್ಲ.

ಯಾರಿಗೂ ಹೇಳಬೇಡ ಅಂದಿದ್ದೀಯ. ಒಂದು ನರಪಿಳ್ಳೆಗೂ ಬಾಯಿ ಬಿಟ್ಟಿಲ್ಲ. ಗೋಡೆ ಮಾತ್ರ ಬರೆದೆ.

ನಮ್ಮ ಕಸುಬು ನಿನಗೆ ಗೊತ್ತಲ್ಲ. ಪಕ್ಷದವರು ಅಭ್ಯರ್ಥಿಗಳ ಪಟ್ಟಿ ಬಿಟ್ಟ ದಿನವೇ ಗೋಡೆ ಏಳಬೇಕು. ಫಲಿತಾಂಶ ಬರಲಿ ಅಂತ ಕುಂಚ ನೆನೆಹಾಕಿಕೊಂಡು ಕೂತವನು ಈ ಕೆಲಸದಲ್ಲಿ ಬದುಕಲಿಲ್ಲ. ನಿನ್ನ ಪಟ್ಟಿ ಬಂತು, ನಾನು ಏಣಿ ಎತ್ತಿದೆ. ಬಸ್ ನಿಲ್ದಾಣದ ಎದುರಿನ ಉದ್ದ ಗೋಡೆ. ‘ನಮ್ಮೆಲ್ಲರ ಹೆಮ್ಮೆಯ ಮಗಳಿಗೆ ಹಾರ್ದಿಕ ಅಭಿನಂದನೆಗಳು’ ಎಂದು ಮೇಲೆ, ನಡುವೆ ಮೂರಡಿ ಎತ್ತರದ ಅಕ್ಷರದಲ್ಲಿ ನಿನ್ನ ಹೆಸರು. ಹೆಸರಿಗೆ ಮಾತ್ರ ಡಬ್ಬಿಯ ತಳದಲ್ಲಿ ಜೋಪಾನ ಮಾಡಿದ್ದ ಕಡುನೀಲಿ ಎಣ್ಣೆಬಣ್ಣ, ಎರಡು ಕೋಟು. ಈ ಬಣ್ಣ ಯಾವ ಅಭ್ಯರ್ಥಿಗೂ ಹಚ್ಚಿದವನಲ್ಲ ನಾನು.

ಆದರೆ ಆ ಗೋಡೆ ಮುಂದಿನ ಚುನಾವಣೆಯವರೆಗೂ ನಮ್ಮ ವಾರ್ಡಿನ ಸದಸ್ಯನ ಹಿಡಿತದಲ್ಲಿದೆ. ನಮ್ಮ ಕೈಮುಗಿಯಣ್ಣ, ಎಲ್ಲಿ ಬರೆದರೂ ಕೈಮುಗಿದ ಚಿತ್ರವೇ ಬೇಕು ಅನ್ನುತ್ತಾನಲ್ಲ, ಅವನೇ. ಇನ್ನೊಬ್ಬರು ಹಿಡಿದ ಗೋಡೆಯ ಮೇಲೆ ಅವರ ಹೆಸರಿಲ್ಲದೆ ಬರೆದರೆ ನಮ್ಮಲ್ಲಿ ಅದು ಕಳ್ಳತನ. ಅದಕ್ಕೆ ಕೆಳಗಡೆ ‘ಶುಭ ಕೋರುವವರು’ ಅಂತ ಹಾಕಿ ಅವನ ಹೆಸರು, ಅವನ ಪಕ್ಷದ ದೋಣಿ ಗುರುತು ಬರೆದೆ. ಅವನಿಗೆ ನೀರುಬಣ್ಣ ಸಾಕು ಅಂತ ಬಿಟ್ಟೆ. ಅವನೇ ಬಂದು, “ಏನಣ್ಣ, ಕೇಳದೇನೇ ನನ್ನ ಹೆಸರು ಹಾಕಿದೀಯ!” ಅಂತ ತಬ್ಬಿಕೊಂಡ. ಗೋಡೆಯ ಮುಂದೆ ಕೈಮುಗಿದು ನಿಂತು ಫೋಟೋ ಹೊಡೆಸಿಕೊಂಡ.

ನೀನು ಬಂದಾಗ ಬಸ್ಸಿನಿಂದ ಇಳಿದ ಕೂಡಲೇ ಕಾಣುತ್ತದೆ. ಗೆರೆ ಸೊಟ್ಟ ಇಲ್ಲ.

ಇಂತಿ,
ಅಪ್ಪ


ಆಗಸ್ಟ್ ೧೯

ಅಪ್ಪ,

ಏನು ಮಾಡಿಬಿಟ್ಟೆ?

ಆ ಫೋಟೋವನ್ನು ಅವನು ಊರಿಗೆಲ್ಲ ಕಳಿಸಿದ್ದಾನೆ. ‘ನಮ್ಮ ದೋಣಿ ಕುಟುಂಬದ ಹೆಮ್ಮೆಯ ಮಗಳು’ ಎಂದು ತಾನೇ ಒಂದು ಸಾಲು ಸೇರಿಸಿದ್ದಾನೆ. ಯಾರೋ ಪುಣ್ಯಾತ್ಮರು ಅದನ್ನು ಟ್ರಸ್ಟಿಗೆ ತಲುಪಿಸಿದ್ದಾರೆ. ನಿನ್ನೆ ಕಾರ್ಯದರ್ಶಿಯಿಂದ ನೋಟೀಸು ಬಂತು. ನಿಮ್ಮ ಕುಟುಂಬಕ್ಕೆ ಪಕ್ಷದ ಸಂಬಂಧ ಇದ್ದಂತೆ ಕಾಣುತ್ತಿದೆ, ಸಂದರ್ಶನದ ದಿನ ಸಮಜಾಯಿಷಿ ಕೊಡಿ.

ಒಂದೇ ಒಂದು ಮಾತು ಕೇಳಿದ್ದೆ. ಯಾರಿಗೂ ಹೇಳಬೇಡ ಅಂತ. ನೀನು ಮೂರಡಿ ಎತ್ತರದಲ್ಲಿ ಹೇಳಿದ್ದೀಯ.

ಈ ಕಾಗದ ಸಿಕ್ಕಿದ ದಿನವೇ ಅಳಿಸು. ದಯವಿಟ್ಟು.

ಮಗಳು


ಆಗಸ್ಟ್ ೨೫

ಮಗಳೇ,

ಅಳಿಸಿದೆ. ಅಂದರೆ, ಅಳಿಸುತ್ತಿದ್ದೇನೆ.

ಮೊದಲನೇ ದಿನ ಸುಣ್ಣ ಬಳಿದೆ. ಕೈಮುಗಿಯಣ್ಣನ ಹೆಸರೂ ದೋಣಿಯೂ ಒಂದೇ ಕೈಗೆ ಮುಳುಗಿದವು. ನಿನ್ನ ಹೆಸರಿನ ಮೇಲೆ ಸುಣ್ಣ ನಿಲ್ಲಲಿಲ್ಲ. ಎಣ್ಣೆಬಣ್ಣದ ಮೇಲೆ ಅದು ಎಲ್ಲಿ ನಿಲ್ಲುತ್ತದೆ, ಒಣಗಿ ಹಪ್ಪಳದ ಹಾಗೆ ಎದ್ದು ಬಂತು. ಎರಡನೇ ದಿನ ಉಜ್ಜಿ ಬಳಿದೆ. ಮೂರನೇ ದಿನ ಹೋಗಿ ನೋಡಿದರೆ ಸುಣ್ಣದೊಳಗಿಂದ ಇಣುಕುತ್ತಿದ್ದೀಯ. ಬಸ್ಸಿಗೆ ಕಾಯುವವರೆಲ್ಲ ನೋಡುತ್ತಾರೆ, ಒಬ್ಬ ಮುದುಕ ತನ್ನ ಕೈಯಾರೆ ಬರೆದದ್ದನ್ನು ಮೂರು ದಿನದಿಂದ ತಿಕ್ಕುತ್ತಿದ್ದಾನೆ ಅಂತ.

ಕೈಮುಗಿಯಣ್ಣ ಬಂದು ಎಗರಾಡಿದ. “ನನ್ನ ಹೆಸರು ಅಳಿಸಿದ್ಯಲ್ಲ, ಆ ಕೊಡೆ ಪಕ್ಷದೋರು ಏನು ಕೊಟ್ರು? ನಿಜ ಹೇಳು, ನೀನು ಯಾರ ಕಡೆಯವನು?” ಅಂದ. “ಮೂವತ್ಮೂರು ವರ್ಷದಿಂದ ಎಲ್ರೂ ಇದನ್ನೇ ಕೇಳ್ತಾರಣ್ಣ. ನಾನು ಯಾರ ಕಡೆಯೂ ಅಲ್ಲ, ಏಣಿ ಕಡೆ” ಅಂದೆ. ನಗಲಿಲ್ಲ. ಈ ಸಲದ ಚುನಾವಣೆಗೆ ನಿನ್ನ ಕುಂಚ ಬೇಡ ಅಂತ ಹೇಳಿಹೋದ.

ಹೋಗಲಿ ಬಿಡು. ನನಗೆ ಅರ್ಥವಾಗದಿರುವುದು ಒಂದೇ. ನಿಮ್ಮ ಟ್ರಸ್ಟಿನವರಿಗೆ ಗಾಬರಿ ಯಾಕೆ? ನನ್ನ ಕಸುಬು ಏನು ಅಂತ ನೀನು ಅರ್ಜಿಯಲ್ಲಿ ಬರೆದೇ ಇರುತ್ತೀಯಲ್ಲ. ಕೂಲಿಗೆ ಗೋಡೆ ಬರೆಯುವವನಿಗೆ ಪಕ್ಷ ಎಲ್ಲಿಂದ ಬರುತ್ತದೆ ಅಂತ ಅವರಿಗೆ ಹೊಳೆಯಲಿಲ್ಲವೇ? ಬೇಕಾದರೆ ನಾನೇ ಬಂದು ಹೇಳುತ್ತೇನೆ. ಬಿಳಿ ಅಂಗಿ ಇದೆ, ಅಮ್ಮ ಗುಂಡಿ ಹಾಕಿಕೊಟ್ಟಿದ್ದಾಳೆ.

ತಪ್ಪಾಯಿತು ಮಗಳೇ.

ಅಪ್ಪ


ಸೆಪ್ಟೆಂಬರ್ ೮

ಗೆರೆಯಮ್ಮನಿಗೆ,

ಎರಡು ವಾರವಾಯಿತು, ನಿನ್ನಿಂದ ಒಂದಕ್ಷರ ಇಲ್ಲ. ಕೋಪ ಇರಲಿ, ನ್ಯಾಯವಾದದ್ದೇ. ಕೋಪ ಇಟ್ಟುಕೊಂಡೇ ಈ ಗಂಟು ಬಿಚ್ಚು. ಹುಷಾರು, ಜೋರಾಗಿ ಎಳೆಯಬೇಡ.

ಅಮ್ಮನ ಬಟ್ಟೆ ಚೂರುಗಳೊಳಗೆ ಸುತ್ತಿಟ್ಟಿರುವುದು ಆ ಗೋಡೆಯ ಒಂದು ತುಣುಕು. ಮೂಲೆಯಲ್ಲಿ ಅಂಗೈಯಗಲ ಉಳಿಯಲ್ಲಿ ಬಿಡಿಸಿ ತೆಗೆದೆ. ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ನಯ ಮಾಡಿದ್ದೇನೆ, ಬೆಳಕಿಗೆ ಹಿಡಿದು ನೋಡು. ಒಂದರ ಮೇಲೊಂದು ಪದರ. ಎಲ್ಲಕ್ಕಿಂತ ಕೆಳಗಿನ ಹಸಿರು ಬೀಗದ ಗುರುತಿನವರದ್ದು, ಆಗ ನಿನಗಿನ್ನೂ ಹಲ್ಲು ಬಂದಿರಲಿಲ್ಲ. ಅದರ ಮೇಲೆ ಸುಣ್ಣ. ಆಮೇಲೆ ಹಳದಿ, ಕೊಡೆ. ಮತ್ತೆ ಸುಣ್ಣ. ಕೆಂಪು ಗಂಟೆಯವರದ್ದು. ಕಂದುಬಣ್ಣ ಕುರ್ಚಿ ಪಕ್ಷ, ಪಾಪ ಒಂದೇ ಚುನಾವಣೆಗೆ ಹುಟ್ಟಿ ಸತ್ತಿತು, ನನಗೆ ಕೊಡಬೇಕಿದ್ದ ಬಾಕಿ ಸಮೇತ. ಮೇಲೆ ಕನ್ನಡಕದವರು, ಕಡೆಗೆ ಈ ದೋಣಿ. ಆರು ಪಕ್ಷ. ಎಲ್ಲವನ್ನೂ ಬರೆದವನು ನಾನೇ, ಎಲ್ಲರನ್ನೂ ಅಳಿಸಿದವನೂ ನಾನೇ. ಇಷ್ಟು ಮಂದಿಯನ್ನು ಸುಣ್ಣ ಹೊಡೆದು ಮುಚ್ಚಿದವನು ಯಾರ ಕಡೆಯವನಾಗುತ್ತಾನೆ ಅಂತ ಅವರನ್ನೇ ಕೇಳು.

ಮಾತಿನಲ್ಲಿ ಹೇಳಿದರೆ ನಂಬುವುದಿಲ್ಲ. ಇದನ್ನು ಮೇಜಿನ ಮೇಲಿಡು.

ಅಪ್ಪ


ಸೆಪ್ಟೆಂಬರ್ ೨೨

ಅಪ್ಪನಿಗೆ,

ಬರೆಯದಿದ್ದದ್ದಕ್ಕೆ ಕಾರಣ ಕೋಪ ಒಂದೇ ಅಲ್ಲ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ.

ಸಂದರ್ಶನ ಬೆಳಿಗ್ಗೆ ಹತ್ತಕ್ಕೆ ಎಂದಿದ್ದರು, ಕರೆದದ್ದು ಎರಡೂವರೆಗೆ. ಅಷ್ಟು ಹೊತ್ತು ಒಂದು ಕಾಲು ಗಿಡ್ಡವಾದ ಬೆಂಚಿನ ಮೇಲೆ ನಾಲ್ವರೂ ಕೂತಿದ್ದೆವು. ಒಬ್ಬರು ಎದ್ದರೆ ಮೂವರು ವಾಲುತ್ತಿದ್ದೆವು. ಒಬ್ಬಳ ಚಿಕ್ಕಪ್ಪ ಸಚಿವರ ಕಚೇರಿಯಲ್ಲಿದ್ದಾರಂತೆ. ಚಿಕ್ಕಪ್ಪ ‘ಮನೆಯವರು’ ಎಂಬ ಲೆಕ್ಕಕ್ಕೆ ಬರುವುದಿಲ್ಲವಂತೆ. ಅವಳು ಹೋದದ್ದೂ ಗೊತ್ತಾಗಲಿಲ್ಲ, ಬಂದದ್ದೂ ಗೊತ್ತಾಗಲಿಲ್ಲ. ಐದೇ ನಿಮಿಷ.

ಒಳಗೆ ಮೂವರು. ಬೆಳ್ಳಿಕೂದಲಿನ ಅಧ್ಯಕ್ಷೆ, ಅರೆನಿದ್ದೆಯಲ್ಲಿದ್ದ ಒಬ್ಬ ನಿವೃತ್ತ ಅಧಿಕಾರಿ, ಮತ್ತೆ ಆ ಕಾರ್ಯದರ್ಶಿ. ನಾವು ಅವರಿಗೆ ಕಲಂ ಸಾರ್ ಎಂದು ಹೆಸರಿಟ್ಟಿದ್ದೇವೆ. ಬಾಗಿಲು ಹಾಕಿ ಎಂದು ಹೇಳುವುದಕ್ಕೂ ಅವರಿಗೆ ಒಂದು ಕಲಂ ಸಂಖ್ಯೆ ಬೇಕು. ನಾನು ನಿನ್ನ ಚೂರನ್ನು ಮೇಜಿನ ಮೇಲಿಟ್ಟೆ.

“ಏನಮ್ಮ ಇದು?” ಅಂದರು ಅಧ್ಯಕ್ಷೆ.

“ಗೋಡೆ, ಮೇಡಂ.”

“ಗೋಡೇನ ಯಾಕೆ ಹೊತ್ಕೊಂಡು ಬಂದ್ರಿ?”

ಒಂದೊಂದೇ ಪದರ ತೋರಿಸಿ ಹೇಳಿದೆ. ಹಸಿರು, ಹಳದಿ, ಕೆಂಪು. ಅಧಿಕಾರಿಗೆ ಎಚ್ಚರವಾಗಿ, ಕನ್ನಡಕ ಹಾಕಿಕೊಂಡು, ಕುರ್ಚಿ ಪಕ್ಷ ಯಾವುದು ಎಂದು ಕೇಳಿದರು. ಆ ಒಂದು ಚುನಾವಣೆಯಲ್ಲಿ ಅದಕ್ಕೇ ಓಟು ಹಾಕಿದ್ದರಂತೆ. ಅಧ್ಯಕ್ಷೆ ಉಗುರಿನಿಂದ ಪದರ ಸವರುತ್ತಾ, “ಆರು ಜನಕ್ಕೂ ಬರೆದಿದ್ದಾರೆ ಅಂದ್ರೆ ಯಾರಿಗೂ ಸೇರಿದೋರಲ್ಲ ಅಂತ ತಾನೇ?” ಅಂದರು. ನನಗೆ ಉಸಿರು ಬಂತು.

ಕಲಂ ಸಾರ್ ಕೆಮ್ಮಿದರು. “ಹಾಗಲ್ಲ ಮೇಡಂ. ನಿಯಮದಲ್ಲಿ ‘ಯಾವುದೇ ಪಕ್ಷ’ ಅಂತಿದೆ. ಇದುವರೆಗೆ ನಮ್ಮ ಹತ್ರ ಒಂದು ಪಕ್ಷದ ದಾಖಲೆ ಮಾತ್ರ ಇತ್ತು. ಈಗ ಅರ್ಜಿದಾರರೇ ಆರು ಪಕ್ಷದ್ದು ತಂದು ಕೊಟ್ಟಿದ್ದಾರೆ. ತಿದ್ಕೋಬೇಕಾಗುತ್ತೆ.”

ಆಮೇಲೆ ಅಧ್ಯಕ್ಷೆ ನನ್ನ ಅರ್ಜಿ ತಿರುವಿ ಇನ್ನೇನೋ ಕೇಳಿದರು. ಏನೋ ಹೇಳಿದೆ. ಅಲ್ಲಿಗೆ ಮುಗಿಯಿತು. ಚೂರನ್ನು ಕಡತಕ್ಕೆ ಸೇರಿಸಬೇಕು ಎಂದು ಅವರೇ ಇಟ್ಟುಕೊಂಡರು.

ಆಸೆ ಇಟ್ಟುಕೊಳ್ಳಬೇಡ.

ಮಗಳು


ಅಕ್ಟೋಬರ್ ೬

ಮಗಳಿಗೆ,

ಟ್ರಸ್ಟಿನಿಂದ ರಿಜಿಸ್ಟರ್ಡ್ ಅಂಚೆ ಬಂತು. ಕಾಯಂ ವಿಳಾಸಕ್ಕೆ ಒಂದು ಪ್ರತಿ ಅಂತ ಬರೆದಿದ್ದಾರೆ. ಜೊತೆಗೆ ಗೋಡೆ ಚೂರು ವಾಪಸ್ಸು. ಅದಕ್ಕೊಂದು ದಾರ ಕಟ್ಟಿ ‘ಅಡಕ ೩’ ಅಂತ ಚೀಟಿ ತೂಗುಬಿಟ್ಟಿದ್ದಾರೆ. ಅಕ್ಷರ ಸೊಟ್ಟ.

ನಿನಗೆ ಬಂದಿರುವ ಪ್ರತಿಯಲ್ಲಿ ಇದೇ ಇರುತ್ತದೆ. ಆದರೂ ಬರೆಯುತ್ತೇನೆ, ಅಕ್ಷರ ಬರೆಯುವುದು ನನ್ನ ಕೆಲಸ. ‘ಅರ್ಜಿದಾರರ ತಂದೆಯವರು ಕೂಲಿಗೆ ಗೋಡೆ ಬರೆಯುವವರೆಂದು ಸಮಿತಿಗೆ ಮನವರಿಕೆಯಾಗಿದ್ದು, ಪಕ್ಷದ ಸಂಬಂಧ ಕುರಿತ ಆಕ್ಷೇಪವನ್ನು ಕೈಬಿಡಲಾಗಿದೆ. ಆದರೆ ಅರ್ಜಿಯ ಒಂಬತ್ತನೇ ಕಲಮಿನಲ್ಲಿ ತಂದೆಯ ಉದ್ಯೋಗವನ್ನು ಮನೆಗಳಿಗೆ ಬಣ್ಣ ಬಳಿಯುವುದು ಎಂದು ಬೇಕೆಂದೇ ತಪ್ಪಾಗಿ ನಮೂದಿಸಿರುವುದನ್ನು ಅರ್ಜಿದಾರರು ಒಪ್ಪಿಕೊಂಡಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.’

ಒಂದೂವರೆ ತಿಂಗಳು ನಾನು ಆ ಗೋಡೆಗೆ ಬೈದುಕೊಂಡೆ. ನನ್ನ ಕೈಗೆ ಬೈದುಕೊಂಡೆ. ಮಗಳ ಸೀಟಿಗೆ ಸುಣ್ಣ ಬಳಿದ ಅಪ್ಪ ಅಂತ ಊರಲ್ಲಿ ನಾನೇ ಹೇಳಿಕೊಂಡು ತಿರುಗಿದೆ.

ಮನೆಗೆ ಬಣ್ಣ ಬಳಿಯುವುದು ಕೀಳು ಅಂತ ನಾನು ಹೇಳುವುದಿಲ್ಲ. ಆದರೆ ಅದು ನನ್ನ ಕೆಲಸ ಅಲ್ಲ. ನಮ್ಮ ಮನೆಗೇ ಬಣ್ಣ ಕಂಡು ಒಂಬತ್ತು ವರ್ಷವಾಯಿತು. ಅಮ್ಮ ಇದನ್ನು ಕೇಳಿ, “ಅವಳು ಸುಳ್ಳು ಬರೆದಿಲ್ಲ ಕಣ್ರೀ, ನನ್ನ ಆಸೆ ಬರೆದಿದ್ದಾಳೆ” ಅಂದಳು. ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ಅಪ್ಪ


ಅಕ್ಟೋಬರ್ ೧೨

ಅಪ್ಪ,

ಈ ಕಾಗದವನ್ನು ನಾಲ್ಕು ಸಲ ಬರೆದು ಹರಿದಿದ್ದೇನೆ.

ಅಂದು ಅಧ್ಯಕ್ಷೆ ಕೇಳಿದ್ದು ಇದನ್ನೇ. “ಇಷ್ಟು ಚೆನ್ನಾಗಿ ಗೋಡೆ ಬಗ್ಗೆ ಹೇಳಿದ್ರಲ್ಲಮ್ಮ, ಅರ್ಜೀಲಿ ಯಾಕೆ ಇದನ್ನ ಬರೀಲಿಲ್ಲ?” ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಏನಾದರೂ ಸಮಜಾಯಿಷಿ ಹೇಳುತ್ತಿದ್ದೆನೇನೋ. “ಬೇಕೆಂದೇ ಬರೀಲಿಲ್ಲ” ಅಂದುಬಿಟ್ಟೆ.

ನಿಯಮಕ್ಕೆ ಹೆದರಿ ಹಾಗೆ ಬರೆದೆ ಎಂದು ನಿನಗೆ ಹೇಳಬಹುದು. ಅರ್ಧ ನಿಜ. ಇನ್ನರ್ಧ ಹೋದ ವರ್ಷದ್ದು. ಮೊದಲ ವಾರದ ತರಗತಿಯಲ್ಲಿ ಮೇಷ್ಟ್ರು ಪ್ರಚಾರದ ಹಳೆಯ ವಿಧಾನಗಳು ಎಂದು ಪರದೆಯ ಮೇಲೆ ಚಿತ್ರ ತೋರಿಸಿದರು. ಒಂದು ಗೋಡೆ, ಒಂದು ಏಣಿ, ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ, ಸೊಂಟಕ್ಕೆ ಸಿಕ್ಕಿಸಿದ ಬಣ್ಣದ ಬಟ್ಟೆ. “ಇವರ ಜಾತಿಯೇ ಇನ್ನು ಹತ್ತು ವರ್ಷದಲ್ಲಿ ವಸ್ತುಸಂಗ್ರಹಾಲಯಕ್ಕೆ” ಅಂದರು. ತರಗತಿ ನಕ್ಕಿತು. ಪಕ್ಕದವಳು ನನ್ನ ಮುಖ ನೋಡಿದಳು. ನಾನೂ ನಕ್ಕೆ.

ಒಂಬತ್ತನೇ ಕಲಮಿನ ಹತ್ತಿರ ಪೆನ್ನು ನಿಂತಾಗ ನನಗೆ ಕೇಳಿಸಿದ್ದು ಟ್ರಸ್ಟಿನ ನಿಯಮವಲ್ಲ, ಆ ನಗು. ಆಮೇಲೆ ನೀನು ಗೋಡೆ ಬರೆದೆ, ತಪ್ಪು ಹೊರಿಸುವುದಕ್ಕೆ ಜಾಗ ಸಿಕ್ಕಿತು. ನಿನ್ನ ‘ತಪ್ಪಾಯಿತು ಮಗಳೇ’ ಓದಿದ ಮೇಲೂ ನಾನು ಸುಮ್ಮನಿದ್ದೆ. ಅಷ್ಟು ದಿನ ಬರೆಯದಿದ್ದದ್ದು ಅದಕ್ಕೆ.

ಕ್ಷಮಿಸು ಎಂದು ಬರೆದರೆ ಅದೂ ಒಂದು ಅರ್ಜಿಯ ಹಾಗೆ ಕಾಣುತ್ತದೆ.

ಇದರ ಜೊತೆ ನಿಜವಾದ ಅರ್ಜಿಯೊಂದನ್ನು ಇಟ್ಟಿದ್ದೇನೆ. ವಿಭಾಗದ ಸಹಾಯನಿಧಿ. ಅರ್ಧ ಶುಲ್ಕ ಕೊಡುತ್ತಾರೆ, ಬದಲಿಗೆ ವಾರಕ್ಕೆ ಇಪ್ಪತ್ತು ತಾಸು ಮತದಾರರ ಸಮೀಕ್ಷೆಯ ಹಾಳೆ ಜೋಡಿಸಬೇಕು. ಅದರಲ್ಲೂ ಆ ಕಲಂ ಇದೆ. ತುಂಬಿದ್ದೇನೆ. ಓದಿ, ಸರಿ ಅನ್ನಿಸಿದರೆ ಸಹಿ ಹಾಕು. ಅನ್ನಿಸದಿದ್ದರೆ ಹಾಗೇ ವಾಪಸ್ಸು ಕಳಿಸು, ನಾನು ಏನೂ ಕೇಳುವುದಿಲ್ಲ. ಇಪ್ಪತ್ತೈದರೊಳಗೆ ಕೊಡಬೇಕು.

ಮಗಳು


ಅಕ್ಟೋಬರ್ ೧೮

ಮಗಳಿಗೆ,

ಸಹಿ ಹಾಕಿದ್ದೇನೆ.

‘ಚುನಾವಣೆಯ ಗೋಡೆ ಬರಹ, ಮೂವತ್ತೊಂದು ವರ್ಷ’ ಅಂತ ತುಂಬಿದ್ದೀಯ. ಮೂವತ್ಮೂರು. ತಿದ್ದಿ ಪಕ್ಕದಲ್ಲಿ ಚಿಕ್ಕ ಸಹಿ ಮಾಡಿದ್ದೇನೆ. ಈ ಸಲ ವರ್ಷ ತಪ್ಪು ಬರೆದು ಸಿಕ್ಕಿಬೀಳಬೇಡ.

ನೀನು ನಕ್ಕಿದ್ದಕ್ಕೆ ನನಗೆ ಬೇಜಾರಿಲ್ಲ ಅಂತ ಬರೆಯಲು ಹೊರಟೆ. ಬೇಜಾರಿದೆ. ಅದು ಒಣಗಲು ಸ್ವಲ್ಪ ದಿನ ಬೇಕು, ಮುಟ್ಟಿ ನೋಡಬೇಡ.

ನಿಮ್ಮ ಮೇಷ್ಟ್ರು ಸುಳ್ಳೇನೂ ಹೇಳಿಲ್ಲ. ಕೈಮುಗಿಯಣ್ಣ ಗೋಡೆಯನ್ನೇ ಕೈಬಿಟ್ಟ. ಎಲ್ಲವನ್ನೂ ಯಂತ್ರದಲ್ಲಿ ಬ್ಯಾನರಾಗಿ ಅಚ್ಚು ಹಾಕಿಸಿ ಕಂಬ ಕಂಬಕ್ಕೂ ಕಟ್ಟಿಸಿದ್ದಾನೆ. ಗಾಳಿ ಬಂದರೆ ಕೈಮುಗಿದವನು ಮಡಚಿಹೋಗುತ್ತಾನೆ. ಆದರೆ ಅವರ ಚಿತ್ರದಲ್ಲಿ ಬೆನ್ನು ತಿರುಗಿಸಿ ನಿಂತವನ ಅಕ್ಷರ ಹೇಗಿತ್ತು ಅಂತ ನೀನು ಬರೆಯಲಿಲ್ಲವಲ್ಲ. ನೋಡಿದ್ದೆಯಾ?

ಅಪ್ಪ


ನವೆಂಬರ್ ೪

ಅಪ್ಪನಿಗೆ,

ನೋಡಿದ್ದೆ. ಕೊನೆಯ ಸಾಲು ಜಾಗ ಸಾಲದೆ ಇಕ್ಕಟ್ಟಾಗಿತ್ತು. ನೀನಾಗಿದ್ದರೆ ಮೊದಲೇ ದಾರ ಹಿಡಿದು ಅಳೆಯುತ್ತಿದ್ದೆ.

ಸಹಾಯನಿಧಿ ಸಿಕ್ಕಿತು, ಅರ್ಧ. ಅದನ್ನು ಕಟ್ಟಿದ್ದಕ್ಕೆ ಸೀಟು ಬರುವ ಜನವರಿಯವರೆಗೆ ಉಳಿಯಿತು. ಇನ್ನರ್ಧಕ್ಕೆ ಮತ್ತೆ ಹಲಗೆಯ ಮುಂದೆ ನಿಂತಿದ್ದೇನೆ. ಆ ಫೆಲೋಶಿಪ್ ಸಚಿವರ ಕಚೇರಿಯಲ್ಲಿ ಚಿಕ್ಕಪ್ಪ ಇದ್ದವಳಿಗೆ ಹೋಯಿತು. ಅವಳು ಬುದ್ಧಿವಂತೆ, ಅದೇ ಇನ್ನೂ ಸಂಕಟ.

ಹೊಸದೊಂದಕ್ಕೆ ಅರ್ಜಿ ಹಾಕುತ್ತಿದ್ದೇನೆ. ಇದನ್ನು ಕಂಪ್ಯೂಟರಿನಲ್ಲೇ ತುಂಬಬೇಕು. ತಂದೆಯ ಉದ್ಯೋಗ ಎಂಬಲ್ಲಿ ನಾವೇ ಬರೆಯುವಂತಿಲ್ಲ, ನಲವತ್ತು ಉದ್ಯೋಗಗಳ ಪಟ್ಟಿ ಇಳಿಯುತ್ತದೆ, ಆರಿಸಿಕೊಳ್ಳಬೇಕು. ಮೇಲಿಂದ ಕೆಳಗೆ ಮೂರು ಸಲ ಓದಿದೆ. ನಿನ್ನದು ಇಲ್ಲ. ಕೊನೆಯಲ್ಲಿ ‘ಇತರೆ’ ಎಂದಿದೆ. ಒತ್ತಲಿಲ್ಲ. ಒತ್ತದಿದ್ದರೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಅವರ ಕಚೇರಿಗೇ ಹೋದೆ. ಕಿಟಕಿಯ ಹಿಂದಿದ್ದ ಗುಮಾಸ್ತರು, “ಇತರೆ ಒತ್ತಿಬಿಡಿ ಮೇಡಂ, ಮುಕ್ಕಾಲು ಪಾಲು ಜನ ಅದನ್ನೇ ಒತ್ತೋದು” ಅಂದರು. “ಅಷ್ಟು ಜನರ ಅಪ್ಪಂದಿರೂ ಇತರೆನಾ?” ಅಂದೆ. ಅವರು ಮೊಹರು ಒರೆಸಿ ಬದಿಗಿಟ್ಟರು. “ನಮ್ಮಪ್ಪ ಗಡಿಯಾರ ರಿಪೇರಿ ಮಾಡ್ತಿದ್ರು. ಅದೂ ಇಲ್ಲ ಇದರಲ್ಲಿ” ಅಂದರು. ಇಬ್ಬರೂ ಸೇರಿ ಮೇಲಧಿಕಾರಿಗೆ ಒಂದು ಮನವಿ ಬರೆದೆವು. ಎಂಟು ದಿನವಾಯಿತು, ಉತ್ತರ ಇಲ್ಲ. ಕೊನೆಯ ದಿನಾಂಕ ಹತ್ತಿರ ಬರುತ್ತಿದೆ. ಸಹಪಾಠಿಗಳು ನನಗೆ ಹುಚ್ಚು ಅನ್ನುತ್ತಾರೆ.

ಬೇಜಾರು ಒಣಗಿತೇ ಎಂದು ಕೇಳುವುದಿಲ್ಲ.

ಗೆರೆಯಮ್ಮ


ನವೆಂಬರ್ ೧೧

ಗೆರೆಯಮ್ಮನಿಗೆ ಆಶೀರ್ವಾದ.

ಕೊನೆಯ ದಿನ ಬಂದರೂ ಉತ್ತರ ಬರದಿದ್ದರೆ ‘ಇತರೆ’ ಒತ್ತು. ನಾನು ಹೇಳುತ್ತಿದ್ದೇನೆ. ಎಂಟು ದಿನ ಒತ್ತದೆ ನಿಂತೆಯಲ್ಲ, ನನಗೆ ಅಷ್ಟು ಸಾಕು. ಆ ಗುಮಾಸ್ತರಿಗೆ ನನ್ನ ನಮಸ್ಕಾರ ಹೇಳು.

ನಿನ್ನೆ ಉಳಿದಿದ್ದ ಸುಣ್ಣದಲ್ಲಿ ಸ್ವಲ್ಪ ಗಾರೆ ಕಲಸಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿದ್ದೆ, ಆ ಚೂರನ್ನು ಅದರ ಗೂಡಿಗೆ ಸೇರಿಸಿ ಮೆತ್ತಿ ಬರೋಣ ಅಂತ. ಗೋಡೆ ಈಗ ಯಾರ ಹಿಡಿತದಲ್ಲೂ ಇಲ್ಲ. ಹೋದ ವಾರದ ಮಳೆಗೆ ನಾನು ಮೇಲೆ ಬಳಿದಿದ್ದ ಸುಣ್ಣವೆಲ್ಲ ಇಳಿದುಹೋಗಿದೆ. ಮೇಲಿನ ಅಭಿನಂದನೆ ಇಲ್ಲ, ಕೆಳಗಿನ ಶುಭ ಕೋರುವವರೂ ಇಲ್ಲ, ದೋಣಿಯೂ ಇಲ್ಲ. ಅವೆಲ್ಲ ನೀರುಬಣ್ಣ. ಅಷ್ಟುದ್ದ ಬಿಳಿಗೋಡೆಯ ನಡುವೆ ನಿನ್ನ ಹೆಸರು ಒಂದೇ ನಿಂತಿದೆ, ಮೂರಡಿ ಎತ್ತರ.

ನಾನು ಗಾರೆ ಮೆತ್ತುತ್ತಿದ್ದೆ. ಬಸ್ಸಿಗೆ ಕಾಯುತ್ತಿದ್ದ ಒಬ್ಬ ಹತ್ತಿರ ಬಂದ. ಪರಊರಿನವನು, ಕೈಯಲ್ಲಿ ಚೀಲ. “ಯಾರ್ರೀ ಇವರು? ಯಾವುದಕ್ಕೆ ನಿಂತಿದ್ದಾರೆ?” ಅಂದ.

“ಎಲ್ಲದಕ್ಕೂ ನಿಲ್ತಾಳೆ. ಇನ್ನೂ ಅರ್ಜಿ ಹಾಕ್ತಾ ಇದ್ದಾಳೆ” ಅಂದೆ.

ಅವನು ಗೋಡೆಯನ್ನೂ ನನ್ನ ಏಣಿಯನ್ನೂ ನೋಡಿ, “ಮತ್ತೆ ನೀವು? ಇವರ ಕಡೆಯವರಾ?” ಅಂದ.

ಮೂವತ್ಮೂರು ವರ್ಷದಲ್ಲಿ ಮೊದಲನೇ ಸಲ ಹೌದು ಅಂದೆ.

ಇಂತಿ,
ಅಪ್ಪ